ಮದ್ದಲೆ ನುಂಗಿದ ದಿಂಬು

ಮೊದಲು ನೋಡಿದ್ದು ಅಮ್ಮ. "ಕೆನ್ನೆ ಮೇಲೆ ಎಂತದಾ ಅದು, ಮಸಿ?" ಒರೆಸಿಕೊಂಡೆ. ಮರುದಿನ ಕಿವಿ ಸುತ್ತ ಮತ್ತೆ ಕಪ್ಪು ಚೂರು. ಮೂರನೇ ದಿನ ಅಮ್ಮ ಬೇವಿನೆಣ್ಣೆ ಹಿಡಿದೇ ಬಂದಳು. ಕಜ್ಜಿ ಹಿಡಿದಿದ್ದು ನನಗಲ್ಲ, ಹೆಡ್‌ಫೋನಿಗೆ ಎಂದು ನಂಬಿಸುವಷ್ಟರಲ್ಲಿ ಎಣ್ಣೆ ಕತ್ತಿನವರೆಗೆ ಇಳಿದಿತ್ತು.

ಹೆಡ್‌ಫೋನಿನ ಕುಶನ್ ನೋಡಲಿಕ್ಕೆ ಮಾತ್ರ ಚರ್ಮ. ಒಳಗೆ ಫೋಮು, ಮೇಲೆ ಬಟ್ಟೆಗೆ ಅಂಟಿಸಿದ ತೆಳು ಪಾಲಿಯುರೆಥೇನ್ ಪದರ. ಗಾಳಿಯ ತೇವವೇ ಅದನ್ನು ಮೆಲ್ಲಗೆ ತಿಂದುಹಾಕುತ್ತದೆ. ಬೆವರು, ತಲೆಎಣ್ಣೆ ಸೇರಿದರೆ ಇನ್ನೂ ಬೇಗ. ನಮ್ಮದು ತೀರ್ಥಹಳ್ಳಿ ಕಡೆ. ಆಚೆಗಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆಷಾಢದಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಂ ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಿನಲ್ಲಿ ಹೆಡ್‌ಫೋನ್ ಯಾವ ಲೆಕ್ಕ?

ಹೊಸ ಕುಶನ್ ತರುವ ಬದಲು ಅಮ್ಮನ ಹೊಲಿಗೆ ಮಿಷನ್ ನಂಬಿದೆ. ಹಳೇ ವೆಲ್ವೆಟ್ ರವಿಕೆ, ಒಳಗೆ ಬೂರುಗದ ಹತ್ತಿ. ಕಿವಿಗೆ ಏನು ಸುಖ ಅಂತೀರಿ! ಬೆವರಿಲ್ಲ, ಬಿಗಿಯಿಲ್ಲ. ರಾತ್ರಿ ಯಕ್ಷಗಾನ ಹಚ್ಚಿದೆ. ಚಂಡೆ ಇತ್ತು, ತಾಳ ಇತ್ತು. ಮದ್ದಲೆ ನಾಪತ್ತೆ. ಭಾಗವತರು ರಂಗಸ್ಥಳ ಬಿಟ್ಟು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ ಕೂತು ಹಾಡಿದ ಹಾಗೆ ಕೇಳುತ್ತಿತ್ತು. ಮೇಳದವರು ಮದ್ದಲೆಗಾರರ ಜೊತೆ ಜಗಳ ಆಡಿರಬೇಕು ಅಂದುಕೊಂಡೆ. ಬೇರೆ ಪ್ರಸಂಗ ಹಾಕಿದೆ. ಅಲ್ಲೂ ಮುಷ್ಕರ! ತಮ್ಮನ ಫೋನಿಗೆ ಸಿಕ್ಕಿಸಿದೆ, ವೈರು ಜಗ್ಗಿದೆ, ಕಿವಿಯ ಗುಗ್ಗೆ ಕೂಡ ತೆಗೆಸಿಕೊಂಡೆ.

ಕೊನೆಗೆ ಶಿವಮೊಗ್ಗದ ಬಸ್ ಹತ್ತಿದೆ. ಅಂಗಡಿ ಹುಡುಗ ರವಿಕೆ ದಿಂಬನ್ನು ಎರಡು ಸಲ ಮುಟ್ಟಿ ನೋಡಿದ. ನಗು ತಡೆದುಕೊಂಡ, ಪಾಪ. ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಹೆಡ್‌ಫೋನನ್ನು ನನ್ನ ತಲೆಗೇ ಹಾಕಿ, ಎರಡೂ ಕಡೆ ಅಂಗೈಯಿಂದ ಒತ್ತಿ ಹಿಡಿದ.

ಧೋಂ! ಮದ್ದಲೆ ವಾಪಸ್.

"ಮಷೀನು ಸರಿಯಾಗೇ ಇದೆ ಸಾರ್. ನಿಮ್ಮ ದಿಂಬಲ್ಲೇ ಸಂದಿ."

ವಿಷಯ ಇಷ್ಟೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿನಲ್ಲಿ ಕುಶನ್ ಸುತ್ತ ಗಾಳಿ ಸೋರಿದರೆ ಮೊದಲು ಹೋಗುವುದೇ ತಗ್ಗಿನ ಸ್ವರ. ಇನ್ನು ದಿಂಬು ದಪ್ಪ ಆದಷ್ಟೂ ಸ್ಪೀಕರು ಕಿವಿಯಿಂದ ದೂರ. ಭಾಗವತರು ಚೌಕಿಗೆ ಹೋಗಿದ್ದು ಹಾಗೆ. ಕಂಪನಿಯ ವೆಲ್ವೆಟ್ ಕುಶನ್ನೂ ಸ್ವಲ್ಪ ಸೋರುತ್ತದೆ. ಗಾಳಿ ಆಡುವ ಬಟ್ಟೆ ಅಲ್ವಾ? ಆದರೆ ಅದರಲ್ಲಿ ಕಿವಿ ತಣ್ಣಗಿರುತ್ತದೆ.

"ಕನ್ನಡಕದ ಕಡ್ಡಿಯಿಂದಲೂ ಸಂದಿ ಆಗುತ್ತೆ ಸಾರ್" ಅಂದ. ತೆಗೆದು ಕೇಳಿದೆ. ಹೌದು, ಮದ್ದಲೆ ಇನ್ನೂ ಗಟ್ಟಿ. ಆದರೆ ಅವನು ಚಿಲ್ಲರೆ ಎಷ್ಟು ಕೊಟ್ಟ ಅಂತ ಕಾಣಲಿಲ್ಲ.

ತಣ್ಣನೆ ಕಿವಿಯೋ ಮದ್ದಲೆಯೋ ಅಂತ ಯೋಚಿಸಿ, ಮತ್ತೆ ಚರ್ಮದಂಥದ್ದನ್ನೇ ತಂದೆ. ಹತ್ತೇ ನಿಮಿಷಕ್ಕೆ ಕಿವಿ ಬಚ್ಚಲುಮನೆ ಆಗುತ್ತದೆ. ಪ್ರಸಂಗದ ನಡುವೆ ತೆಗೆದು, ಟವೆಲಿನಲ್ಲಿ ಕಿವಿ ಒರೆಸಿ, ಮತ್ತೆ ಹಾಕಿಕೊಳ್ಳುತ್ತೇನೆ.

ಇದಕ್ಕೂ ಬೂಷ್ಟು ಹಿಡಿಯಬಾರದು ಅಂತ ಅಮ್ಮ ಜಾಗ ಹುಡುಕಿದ್ದಾಳೆ. ಮನೆಯಲ್ಲಿ ಗಾಳಿಯಾಡದ ಮುಚ್ಚಳ ಇರುವುದು ಒಂದೇ ಡಬ್ಬಕ್ಕೆ. ಈಗ ಮದ್ದಲೆ ಚೆನ್ನಾಗಿ ಕೇಳುತ್ತದೆ, ಹಲಸಿನ ಹಪ್ಪಳದ ವಾಸನೆ ಸಮೇತ.