ಯಾರ ಪಿಕ್ಚರು?

ದಾವಣಗೆರೆಯಲ್ಲಿ ನಾವು ಹುಡುಗರಾಗಿದ್ದಾಗ ಸಿನಿಮಾ ಬಗ್ಗೆ ಇದ್ದದ್ದು ಒಂದೇ ಪ್ರಶ್ನೆ: "ಯಾರ ಪಿಕ್ಚರಲೇ?" ರಾಜಕುಮಾರ್‌ದು, ವಿಷ್ಣುದು, ಶಂಕರ್‌ನಾಗ್‌ದು, ಅಷ್ಟರಲ್ಲೇ ಉತ್ತರ ಮುಗಿಯುತ್ತಿತ್ತು. ನಿರ್ದೇಶಕನ ಹೆಸರಿಗೆ ಜನ ಕ್ಯೂ ನಿಲ್ಲುತ್ತಿದ್ದದ್ದೆಂದರೆ ಪುಟ್ಟಣ್ಣ ಕಣಗಾಲರಿಗೆ ಮಾತ್ರ ಇರಬೇಕು. ಕೆಲಸ ಹುಡುಕಿಕೊಂಡು ಪುಣೆಗೆ ಬಂದು ಇಪ್ಪತ್ತು ವರ್ಷವಾಯಿತು. ಇಲ್ಲಿ ಕೆಳಮನೆಯ ಕಾಕಾ ಕೇಳುವುದೂ ಅದೇ ಪ್ರಶ್ನೆ, "ಕುಣಾಚಾ ಸಿನೆಮಾ?" ಮೊದಲ ಸಲ ನಾನು "ಅನಂತನಾಗ್‌ದು" ಅಂದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಅವರಿಗೆ ಬೇಕಿದ್ದದ್ದು ಮಾಡಿದವನ ಹೆಸರು.

ಕಾಕಾ ಬ್ಯಾಂಕಿನಿಂದ ನಿವೃತ್ತರಾದವರು. ಲಾ ಕಾಲೇಜ್ ರಸ್ತೆಯ ಫಿಲ್ಮ್ ಆರ್ಕೈವ್‌ನಲ್ಲಿ ಹಳೆಯ ಚಿತ್ರ ಹಾಕಿದರೆಂದರೆ ಹೊರಟೇಬಿಡುತ್ತಾರೆ. 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅದು. ಪಿ.ಕೆ. ನಾಯರ್ ಎಂಬ ಮನುಷ್ಯ ರೀಲು ರೀಲಾಗಿ ಕೂಡಿಸಿ ಕಟ್ಟಿದ್ದು. ಸಭಿಕರು ಕೊನೆಯ ಹೆಸರು ಹೋಗುವವರೆಗೂ ಎದ್ದೇಳುವುದಿಲ್ಲ. ಕಾಕಾ ಅಂತೂ ಜೇಬಿನ ಡೈರಿಯಲ್ಲಿ ಕ್ಯಾಮೆರಾ ಯಾರು, ಸಂಕಲನ ಯಾರು ಎಂದು ಬರೆದುಕೊಳ್ಳುತ್ತಾರೆ. ಮೊದಮೊದಲು ನನಗೆ ಅಲ್ಲಿ ಉಸಿರು ಕಟ್ಟುತ್ತಿತ್ತು. ನಾನು ಸಿನಿಮಾ ಕಲಿತದ್ದು ಟೆಂಟಿನಲ್ಲಿ. 'ನಮೋ ವೆಂಕಟೇಶಾ' ಹಾಡು ಮೈಕಿನಲ್ಲಿ ಕೇಳಿದರೆ ಟಿಕೆಟ್ ಶುರುವಾಯಿತೆಂದು ಅರ್ಥ, ಊಟ ಬಿಟ್ಟು ಓಡುತ್ತಿದ್ದೆವು. ನೆಲದ ಮೇಲೆ ಮರಳು ಗುಡ್ಡೆ ಮಾಡಿಕೊಂಡು ಕೂತು, ಹೀರೋ ಬಂದರೆ ಶಿಳ್ಳೆ, ಕರೆಂಟ್ ಹೋದರೆ ಅದಕ್ಕೂ ಶಿಳ್ಳೆ. ಅಂಥವನಿಗೆ ಪುಣೆಯ ಆ ಮೌನ ಸಾವಿನ ಮನೆಯಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆದರೂ ಹೇಳುತ್ತೇನೆ, ಕನ್ನಡ ಚಿತ್ರಗಳನ್ನು ನಾನು ಸರಿಯಾಗಿ ನೋಡಿದ್ದು ಊರು ಬಿಟ್ಟ ಮೇಲೆಯೇ.

'ಒಂದಾನೊಂದು ಕಾಲದಲ್ಲಿ' ನನ್ನ ಅಚ್ಚುಮೆಚ್ಚಿನ ಚಿತ್ರ. 1978ರದು, ಗಿರೀಶ ಕಾರ್ನಾಡರು ಜಪಾನಿನ ನಿರ್ದೇಶಕ ಕುರೊಸಾವನ ಗುಂಗಿನಲ್ಲಿ ತೆಗೆದದ್ದು. ಊರಿನಲ್ಲಿ ಅದನ್ನು ನೋಡಿದಾಗ ನಮಗೆ ಕಂಡದ್ದು ಶಂಕರ್‌ನಾಗ್ ಕತ್ತಿ ಬೀಸುವುದು ಮಾತ್ರ. ಇಲ್ಲಿ ಕಾಕಾ ಜೊತೆ ನೋಡುವಾಗ ಅವರು ಮೊದಲ ಐದು ನಿಮಿಷದಲ್ಲೇ ನನ್ನ ಮೊಣಕೈ ತಟ್ಟಿದರು, "ಇದು ನಮ್ಮ ಚಂದಾವರ್ಕರರದು!" ಭಾಸ್ಕರ ಚಂದಾವರ್ಕರ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರಾಗಿದ್ದವರು, 'ಘಾಶೀರಾಮ ಕೊತವಾಲ' ಎಂಬ ಮರಾಠಿ ನಾಟಕಕ್ಕೆ ಸಂಗೀತ ಕೊಟ್ಟವರು. ಆ ಚಿತ್ರವನ್ನು ಎಷ್ಟೋ ಸಲ ನೋಡಿದ್ದ ನನಗೆ ಸಂಗೀತ ಯಾರದೆಂಬುದೇ ಗೊತ್ತಿರಲಿಲ್ಲ. ಶಂಕರ್‌ನಾಗ್ ಕೂಡ ಇವರಿಗೆ ಬೇರೆಯೇ ಮನುಷ್ಯ. ನಮಗೆ ಆತ ಆಟೋದ ಹಿಂದಿನ ಚಿತ್ರ, ಆಟೋ ರಾಜ. ಇವರಿಗೆ ಮುಂಬೈ ಮರಾಠಿ ರಂಗಭೂಮಿಯ ಹುಡುಗ, ಪುಣೆಯ ಕ್ರಾಂತಿಕಾರಿಗಳಾದ ಚಾಪೇಕರ್ ಸಹೋದರರ ಕುರಿತ '22 ಜೂನ್ 1897' ಚಿತ್ರದ ಬರವಣಿಗೆಯಲ್ಲಿ ಕೈಯಿದ್ದವನು. ಆಟೋದವರ ಪ್ರೀತಿ ಕಾಕಾಗೆ ಅರ್ಥವಾಗಲಿಲ್ಲ. ಫೋಟೊ ತೋರಿಸಿದೆ, ತಲೆ ಆಡಿಸಿದರು. ಅಷ್ಟೇ.

'ಘಟಶ್ರಾದ್ಧ' ನೋಡಿದ ದಿನವನ್ನಂತೂ ಮರೆಯಲಾರೆ. ಗಿರೀಶ ಕಾಸರವಳ್ಳಿ ಇದೇ ಪುಣೆಯಲ್ಲಿ ಓದಿ ಹೊರಬಂದ ಎರಡೇ ವರ್ಷಕ್ಕೆ, 1977ರಲ್ಲಿ ಮಾಡಿದ್ದು, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ತಂದದ್ದು. ಹೋಗುವ ಮೊದಲು ಕಾಕಾರ ಹೆಂಡತಿ ಕಾಕೂಗೆ ಹೆಸರಿನ ಅರ್ಥ ಹೇಳಬೇಕಾಯಿತು. ಬದುಕಿರುವ ಹೆಣ್ಣುಮಗಳಿಗೆ ಶ್ರಾದ್ಧ ಮಾಡಿ, ಗಡಿಗೆ ಒಡೆದು, ಇನ್ನು ನೀನು ನಮ್ಮ ಪಾಲಿಗೆ ಸತ್ತೆ ಎನ್ನುವುದು ಎಂದೆ. ಆಕೆ ತಕ್ಷಣ, "ಮ್ಹಣಜೆ ಘಟಸ್ಫೋಟ್!" ಎಂದರು. ಮರಾಠಿಯಲ್ಲಿ ವಿವಾಹ ವಿಚ್ಛೇದನಕ್ಕೆ ದಿನನಿತ್ಯದ ಮಾತು ಅದು. ಕೋರ್ಟಿನ ಕಾಗದದಲ್ಲಿ, ಪತ್ರಿಕೆಯಲ್ಲಿ, ಧಾರಾವಾಹಿಯಲ್ಲಿ ಎಲ್ಲ ಕಡೆ ಘಟಸ್ಫೋಟ. ಆ ಪದದೊಳಗೆ ಒಂದು ಗಡಿಗೆ ಇದೆ ಎಂಬುದು ಯಾರಿಗೂ ನೆನಪಿಲ್ಲ. ತೆರೆಯ ಮೇಲೆ ಅಪ್ಪನೇ ಮಗಳ ಶ್ರಾದ್ಧಕ್ಕೆ ಕೂತಾಗ ಕಾಕೂ ಸೆರಗಿನ ತುದಿ ಬಾಯಿಗಿಟ್ಟುಕೊಂಡಿದ್ದರು. ತಲೆ ಬೋಳಿಸಿಕೊಂಡು ಮರದ ಕೆಳಗೆ ಒಂಟಿಯಾಗಿ ಕೂತ ಯಮುನಕ್ಕನನ್ನು ಪುಟ್ಟ ನಾಣಿ ತಿರುಗಿ ತಿರುಗಿ ನೋಡುತ್ತಾ ಹೋಗುತ್ತಾನಲ್ಲ, ಆಮೇಲೆ ಮನೆ ಸೇರುವವರೆಗೂ ಆಕೆ ಮಾತಾಡಲಿಲ್ಲ. ನಾನು ಅದೇ ಚಿತ್ರವನ್ನು ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ, "ಅವಾರ್ಡ್ ಪಿಕ್ಚರ್ ಬಂತಪ್ಪಾ" ಎಂದು ಗೊಣಗುತ್ತ ನೋಡಿದ್ದವನು. ಅರ್ಧಕ್ಕೆ ಎದ್ದು ಕ್ರಿಕೆಟ್ ಆಡಲು ಹೋಗಿದ್ದವನು.

ಈ ಚಿತ್ರದ ನೆಗೆಟಿವ್ ಪುಣೆಯ ಆರ್ಕೈವ್‌ನಲ್ಲಿ ಉಳಿದಿತ್ತು. ಅದರಿಂದಲೇ ಹೊಸದಾಗಿ ಶುದ್ಧಿ ಮಾಡಿದ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನ ಕಂಡಿತು. ಉಳಿಯದೇ ಹೋದದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ನಮ್ಮ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ತಯಾರಾದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ, ತೆರೆಗೆ ಬಂದದ್ದು 1934ರ ಮಾರ್ಚ್ 3ರಂದು. ಇವತ್ತು ಅದರ ಒಂದು ರೀಲೂ ಇಲ್ಲ. ಅದೇ ಕೊಲ್ಹಾಪುರದಲ್ಲಿ ಹುಟ್ಟಿ ಪುಣೆಗೆ ಬಂದ ಪ್ರಭಾತ್ ಕಂಪನಿಯ 1936ರ 'ಸಂತ ತುಕಾರಾಮ'ವನ್ನು ನಾನು ಕಾಕಾ ಜೊತೆ ಎರಡು ಸಲ ನೋಡಿದ್ದೇನೆ. ಪ್ರಭಾತ್ ಸ್ಟುಡಿಯೋದ ಜಾಗವೇ ಈಗ ಫಿಲ್ಮ್ ಇನ್‌ಸ್ಟಿಟ್ಯೂಟ್. 'ಸತಿ ಸುಲೋಚನ'ದಲ್ಲಿ ಸುಬ್ಬಯ್ಯ ನಾಯ್ಡು ರಾವಣನ ಮಗನಾಗಿ ಹೇಗೆ ಕಾಣುತ್ತಿದ್ದರು, ನಾಗೇಂದ್ರರಾಯರ ರಾವಣ ಹೇಗೆ ಗುಡುಗಿದ ಎಂಬುದು ನಮಗೆ ಸ್ಥಿರಚಿತ್ರಗಳಲ್ಲಷ್ಟೇ ಗತಿ. ನಟರನ್ನು ದೇವರೆಂದು ಪೂಜಿಸುವ ನಾವು ಅವರಿದ್ದ ಡಬ್ಬಿಗಳನ್ನು ಗುಜರಿಗೆ ಬಿಟ್ಟೆವು.

ಹಾಗಂತ ಈ ಬಗೆಯ ನೋಟ ಪುಣೆಯವರದೇ ಸ್ವತ್ತೆಂದು ಕಾಕಾ ಹೇಳಿದಾಗ ನಾನು ಬಿಡುವುದಿಲ್ಲ. ಹೆಗ್ಗೋಡಿನ ಕಥೆ ಹೇಳುತ್ತೇನೆ. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರು ಎಪ್ಪತ್ತರ ದಶಕದಲ್ಲೇ ಇದೇ ಆರ್ಕೈವ್‌ನ ಡಬ್ಬಿಗಳನ್ನು ತರಿಸಿ, ಸತೀಶ್ ಬಹಾದುರ್ ಅಂಥ ಪುಣೆಯ ಮೇಷ್ಟ್ರನ್ನೇ ಕರೆಸಿ, ಅಡಿಕೆ ತೋಟದವರಿಗೆ ಇಟಲಿಯ 'ಬೈಸಿಕಲ್ ಥೀವ್ಸ್' ಚಿತ್ರ ತೋರಿಸಿದರು. ತೋಟದವರು ನೋಡಿದರು, ಚರ್ಚೆಯನ್ನೂ ಮಾಡಿದರು. ದಾವಣಗೆರೆಗೂ ಹೆಗ್ಗೋಡಿಗೂ ಅರ್ಧ ದಿನದ ದಾರಿ. ನಾನು ಮಾತ್ರ ಆ ಕಡೆ ತಲೆ ಹಾಕಲಿಲ್ಲ.

ನಮ್ಮವರ ಮೇಲಿನ ನನ್ನ ನಿಜವಾದ ತಕರಾರು ಬೇರೆಯೇ ಇದೆ. ಹಳೆಯ ಚಿತ್ರಗಳನ್ನು ನಾವು ಎರಡು ಅಟ್ಟಕ್ಕೆ ಹಾಕಿಬಿಟ್ಟಿದ್ದೇವೆ, ಒಂದು ಕಲಾತ್ಮಕ, ಇನ್ನೊಂದು ಪಿಕ್ಚರು. ಯಾವ ಅಟ್ಟಕ್ಕೂ ಸೇರದ್ದು ಹೇಳಹೆಸರಿಲ್ಲದೆ ಹೋಗುತ್ತದೆ. ಕಾಶಿನಾಥರ 'ಅಪರಿಚಿತ' (1978) ನೋಡಿ. ಕಡಿಮೆ ದುಡ್ಡು, ಮಳೆ, ಕಾಡು, ಯಾರನ್ನೂ ನಂಬಲಾಗದ ಕಥೆ. ಸುರೇಶ ಹೆಬ್ಳೀಕರ್, ಶೋಭಾ. ಹಿಂದಿಗೂ ಹೋಯಿತು. ಕಾಶಿನಾಥ್ ಅಂದರೆ ನಮ್ಮವರು ಕಣ್ಣು ಹೊಡೆದು 'ಅನುಭವ' ಅನ್ನುತ್ತಾರೆ, ಅಷ್ಟಕ್ಕೇ ಮುಗಿಸುತ್ತಾರೆ. 'ಮಿಂಚಿನ ಓಟ'ದ ನಟ ಲೋಕನಾಥರನ್ನು ಯಾರಾದರೂ ನೆನೆಯುತ್ತಾರೆಯೇ? ಇಲ್ಲಿ ಕಾಕಾರ ಗೆಳೆಯರು 'ಸಾಮನಾ'ದಂಥ ಮರಾಠಿ ಕಲಾತ್ಮಕ ಚಿತ್ರದ ಬಗ್ಗೆ ಗಂಭೀರವಾಗಿ ಮಾತಾಡುತ್ತಲೇ ಹಾಸ್ಯನಟ ದಾದಾ ಕೋಂಡ್ಕೆಯ ಚಿತ್ರಕ್ಕೆ ಹೊಟ್ಟೆ ಹಿಡಿದು ನಗುತ್ತಾರೆ, ಅದೇ ಚಹದ ಲೋಟದ ಮೇಲೆ.

ಮೊನ್ನೆ ಕಾಕಾ, "ನಿಮ್ಮ ರಾಜಕುಮಾರರದು ಒಂದು ತೋರಿಸು, ಒಂದೇ" ಎಂದರು. ಎರಡು ದಿನ ತಲೆ ಕೆಡಿಸಿಕೊಂಡೆ. 'ಬಂಗಾರದ ಮನುಷ್ಯ' ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇವರು ಪ್ರತಿ ವರ್ಷ ಪುಣೆಯ ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆ ತಪ್ಪದೆ ಹೋಗುವವರು. ಹಾಗಾಗಿ ಶಹನಾಯಿ ನುಡಿಸುವವನ ಕಥೆಯ 1977ರ 'ಸನಾದಿ ಅಪ್ಪಣ್ಣ' ಆರಿಸಿದೆ. ಸಿಕ್ಕಿದ್ದು ಮೊಬೈಲಿನ ಪ್ರತಿ. ಬಣ್ಣ ಹೋಗಿ ಎಲ್ಲರ ಮುಖವೂ ಗುಲಾಬಿ, ಮೂಲೆಯಲ್ಲಿ ಯಾವುದೋ ಕಂಪನಿಯ ಮುದ್ರೆ, ಅದು ಸರಿಯಾಗಿ ರಾಜಕುಮಾರರ ಶಹನಾಯಿಯ ಬಾಯಿಗೇ ಕೂತಿತ್ತು. ನನಗೆ ನಾಚಿಕೆ. "ಕುಣಾಚಾ?" ಎಂದರು. ನಿರ್ದೇಶಕ ವಿಜಯ್ ಎಂದು ಓದಿಟ್ಟುಕೊಂಡಿದ್ದೆ. ಆದರೆ ಬಾಯಲ್ಲಿ ಬಂದದ್ದು, "ರಾಜಕುಮಾರ್‌ದು ಕಾಕಾ, ಶಹನಾಯಿ ಬಿಸ್ಮಿಲ್ಲಾ ಖಾನರದು."

'ಕರೆದರೂ ಕೇಳದೆ' ಹಾಡು ಶುರುವಾಯಿತು. ಕಾಕಾ ಡೈರಿ ಮುಚ್ಚಿ ಪಕ್ಕಕ್ಕಿಟ್ಟು, ಕನ್ನಡಕ ತೆಗೆದು, ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದರು.