ಕೆಲಸದ ಜಾಗ ನೋಡದೆ ಕೆಲಸದ ಹೊಸತನದ ಮೇಲೆ ಥೀಸಿಸ್ ಬೇಡ

ಕೊಡಗಿನಿಂದ ಮೈಸೂರು, ಮಂಗಳೂರು, ಬೆಂಗಳೂರಿಗೆ ಹೋಗಿ ಸೈಕಾಲಜಿ, ಎಂಎಸ್‌ಡಬ್ಲ್ಯು, ವರ್ತನಾ ವಿಜ್ಞಾನ ಓದುವ ಮಕ್ಕಳು ಕೊನೆಯ ಸೆಮಿಸ್ಟರ್ ಬಂದಾಗ ನನ್ನ ಹತ್ತಿರ ತಮ್ಮ ಥೀಸಿಸ್ ತರುತ್ತಾರೆ. ಒಮ್ಮೆ ಓದಿ ನೋಡಿ ಅನ್ನುತ್ತಾರೆ. ಅವರಲ್ಲಿ ಹಲವರ ವಿಷಯ 'ಕೆಲಸದ ಜಾಗದಲ್ಲಿ ಹೊಸತನ'. ನನಗೆ ಬಹಳ ಇಷ್ಟವಾದ ವಿಷಯ ಅದು. ಆದರೆ ಅವರಿಗೆ ಕೊಟ್ಟ ನಿಯಮದ ಹಾಳೆ ನೋಡಿದರೆ ಬೇಜಾರಾಗುತ್ತದೆ. ಅಕ್ಷರದ ಗಾತ್ರ, ಅಂಚು, ಬೈಂಡಿಂಗ್ ಬಣ್ಣ, ಐದು ಅಧ್ಯಾಯ, ನೂರು ಜನರ ಸ್ಯಾಂಪಲ್ ಎಲ್ಲಾ ಇದೆ. ಯಾವ ಕೆಲಸದ ಜಾಗಕ್ಕೆ ಹೋಗಬೇಕು, ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ತಿಳಿದದ್ದನ್ನು ಯಾರಿಗೆ ವಾಪಸ್ ಹೇಳಬೇಕು ಅನ್ನುವುದಕ್ಕೆ ಒಂದು ಸಾಲೂ ಇಲ್ಲ.

ನನ್ನ ಮಾತು ಇಷ್ಟೇ. ಈ ವಿಷಯದ ಥೀಸಿಸ್‌ಗೆ ಮೊದಲ ಷರತ್ತು ಒಂದು ಜಾಗ, ಅಲ್ಲಿ ನಿಜವಾಗಿ ಆದ ಒಂದು ಬದಲಾವಣೆ, ಅದನ್ನು ಕಣ್ಣಾರೆ ನೋಡಿದ ವಿದ್ಯಾರ್ಥಿ. ಇದು ಇಲ್ಲದಿದ್ದರೆ ಉಳಿದ ನಿಯಮಗಳನ್ನೆಲ್ಲ ಪಾಲಿಸಿದರೂ ಪ್ರಯೋಜನ ಇಲ್ಲ.

ಈಗ ಏನಾಗುತ್ತಿದೆ ನೋಡಿ. ಸುಂಟಿಕೊಪ್ಪದ ಮನೆಯಲ್ಲಿ ಕೂತ ಹುಡುಗಿ ಗೂಗಲ್ ಫಾರ್ಮ್ ಮಾಡಿ ಬೆಂಗಳೂರಿನ ಐಟಿ ಗೆಳತಿಯರಿಗೆ ಕಳಿಸುತ್ತಾಳೆ. ಮನೆಯ ಸುತ್ತಲೂ ಕಾಫಿ ಕೊಯ್ಲು ನಡೆದಿರುತ್ತದೆ. ಅದು 'ಕೆಲಸದ ಜಾಗ' ಅಂತ ಅವಳಿಗೆ ಯಾರೂ ಹೇಳಿಲ್ಲ. ಫಾರ್ಮ್‌ನಲ್ಲಿರುವ ಪ್ರಶ್ನೆಗಳಾದರೂ ಎಲ್ಲಿಯವು? ಸ್ಕಾಟ್ ಮತ್ತು ಬ್ರೂಸ್ ಅನ್ನುವ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಹೊಸತನದ ಅಳತೆ, ಅಂದರೆ ಹೊಸತನ ಅಳೆಯುವ ಪ್ರಶ್ನೆಗಳ ಪಟ್ಟಿ, ಈಗಲೂ ಎಲ್ಲ ಕಡೆ ಓಡಾಡುತ್ತದೆ. ಅವರು ಅದನ್ನು ಬಳಸಿದ್ದು ಅಮೆರಿಕದ ಒಂದು ದೊಡ್ಡ ಕಂಪನಿಯ ಸಂಶೋಧನಾ ವಿಭಾಗದ ಎಂಜಿನಿಯರುಗಳು, ವಿಜ್ಞಾನಿಗಳ ಮೇಲೆ. ಅವರಿಗೆ ಅದು ಸರಿಯಾದ ಅಳತೆ. ಅದನ್ನೇ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನಡೆಸುವವರ ಮುಂದೆ, ನರ್ಸ್ ಮುಂದೆ, ಅಂಗನವಾಡಿ ಕಾರ್ಯಕರ್ತೆಯ ಮುಂದೆ ಹಾಗೇ ಇಟ್ಟರೆ ಬರುವ ಉತ್ತರಕ್ಕೆ ಅರ್ಥ ಇರುವುದಿಲ್ಲ. ಅಳತೆ ಎಲ್ಲಿ ಹುಟ್ಟಿತು, ಇಲ್ಲಿ ಯಾಕೆ ಹೊಂದುತ್ತದೆ ಅಂತ ಒಂದು ಪುಟ ಬರೆಯುವುದನ್ನು ಕಡ್ಡಾಯ ಮಾಡಬೇಕು.

ಹೊಸತನ ಅಂದ ಕೂಡಲೇ ಸ್ಟಾರ್ಟಪ್, ಆ್ಯಪ್, ಲ್ಯಾಬ್ ಅಂತ ನಮ್ಮ ಮಕ್ಕಳು ಅಂದುಕೊಳ್ಳುತ್ತಾರೆ. ಈ ಕ್ಷೇತ್ರದಲ್ಲಿ ಜಾಸ್ತಿ ಬಳಕೆಯಲ್ಲಿರುವ ವ್ಯಾಖ್ಯೆ ವೆಸ್ಟ್ ಮತ್ತು ಫಾರ್ 1990ರಲ್ಲಿ ಕೊಟ್ಟದ್ದು. ಬೇಕೆಂದೇ ತಂದದ್ದಾಗಿರಬೇಕು, ಬಳಕೆಗೆ ಬಂದಿರಬೇಕು, ಪ್ರಯೋಜನಕ್ಕಾಗಿ ತಂದಿರಬೇಕು, ಮತ್ತು ಆ ಜಾಗಕ್ಕೆ ಹೊಸದಾಗಿರಬೇಕು. ಜಗತ್ತಿಗೆ ಹೊಸದಾಗಬೇಕಿಲ್ಲ. ಹಾಗೆ ನೋಡಿದರೆ ಕೊಡಗಿನ ತುಂಬ ವಿಷಯ ಇದೆ.

ರೋಬಸ್ಟಾ ಗಿಡದ ಬುಡಕ್ಕೆ ಟಾರ್ಪಾಲು ಹಾಸಿ ಕೊಯ್ಯುವುದು ಒಂದು ಬದಲಾವಣೆ. ಕತ್ತಿಯ ಜಾಗಕ್ಕೆ ಕಳೆ ಹೊಡೆಯುವ ಯಂತ್ರ ಬಂದದ್ದು ಇನ್ನೊಂದು. ಯಂತ್ರ ಬಂದ ಮೇಲೆ ಕಳೆ ತೆಗೆಯುತ್ತಿದ್ದ ಹೆಂಗಸರು ಎಲ್ಲಿ ಹೋದರು? ಯಂತ್ರ ಹಿಡಿದವರು ಯಾಕೆ ಹೆಚ್ಚಾಗಿ ಗಂಡಸರೇ? ಸಂಜೆ ಹಣ್ಣು ತೂಗುವಾಗ ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ರೈಟರ (ತೋಟದ ಲೆಕ್ಕ ಬರೆಯುವವರ) ಕಡೆಗೆ ತಿರುಗಿರುತ್ತದೋ, ಕೊಯ್ದವರ ಕಡೆಗೋ? ಅದನ್ನು ಕೊಯ್ದವರ ಕಡೆ ತಿರುಗಿಸಿದರೆ ನಂಬಿಕೆ ಹೆಚ್ಚುತ್ತದೆಯೇ, ಕೊಯ್ಲಿನ ತೂಕ ಬದಲಾಗುತ್ತದೆಯೇ? ಇದೊಂದೇ ಪ್ರಶ್ನೆ ಒಂದು ಒಳ್ಳೆಯ ಎಂ.ಎ. ಥೀಸಿಸ್‌ಗೆ ಸಾಕು. ಉತ್ತರ ಹುಡುಕಲು ತೂಕದ ಪುಸ್ತಕವೇ ಇದೆ.

2016ರ ನೋಟು ರದ್ದಿನ ನಂತರ ಎಷ್ಟೋ ತೋಟಗಳಲ್ಲಿ ವಾರದ ಬಟವಾಡೆ ಬ್ಯಾಂಕ್ ಖಾತೆಗೆ ಹೋಯಿತು. ಸಂಬಳ ಕೈಗೆ ಬರುವುದಕ್ಕೂ ಖಾತೆಗೆ ಬರುವುದಕ್ಕೂ ಮನೆಯ ಖರ್ಚಿನಲ್ಲಿ ಏನು ವ್ಯತ್ಯಾಸ, ಹೆಂಗಸರ ಕೈಯಲ್ಲಿ ಎಷ್ಟು ಉಳಿಯುತ್ತದೆ? ಸಿದ್ದಾಪುರದ ಕಡೆ ಆನೆ ಎಲ್ಲಿದೆ ಅನ್ನುವ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಕೂಲಿಯವರಿಗೆ ಅದು ಯಾರ ಮೂಲಕ, ಎಷ್ಟು ಹೊತ್ತಿಗೆ ಮುಟ್ಟುತ್ತದೆ? ಅಂಗನವಾಡಿಗಳಿಗೆ ಪೋಷಣ್ ಟ್ರ್ಯಾಕರ್ ಅನ್ನುವ ಮೊಬೈಲ್ ಆ್ಯಪ್ ಬಂದದ್ದು 2021ರಲ್ಲಿ. ಮಳೆಗಾಲದಲ್ಲಿ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಆಗ ಆ ಅಕ್ಕಂದಿರು ಪುಸ್ತಕದಲ್ಲೂ ಬರೆದು ಫೋನಿನಲ್ಲೂ ತುಂಬುತ್ತಾರಾ? ಇವೆಲ್ಲ ವರ್ತನಾ ವಿಜ್ಞಾನದ ನಡುಮನೆಯ ಪ್ರಶ್ನೆಗಳು.

ಈ ಶಾಸ್ತ್ರ ಬೆಳೆದದ್ದೇ ಹೀಗೆ. 1951ರಲ್ಲಿ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಬಗ್ಗೆ ಬರೆದ ಲೇಖನವನ್ನು ಇಂದಿಗೂ ಓದುತ್ತಾರೆ. ಹೊಸ ಯಂತ್ರಗಳ ಜೊತೆ ಕೆಲಸವನ್ನು ತುಂಡು ತುಂಡು ಮಾಡಿದರು. ಮೊದಲು ಸಣ್ಣ ಗುಂಪುಗಳು ತಮ್ಮ ಕೆಲಸ ತಾವೇ ನಡೆಸಿಕೊಳ್ಳುತ್ತಿದ್ದವು. ಅವು ಒಡೆದುಹೋದವು. ಗೈರುಹಾಜರಿ, ಒತ್ತಡ ಶುರುವಾಯಿತು. ಬ್ಯಾಮ್‌ಫೋರ್ತ್ ಯಾರು ಗೊತ್ತಾ? 18 ವರ್ಷ ಗಣಿಯೊಳಗೆ ಕಲ್ಲಿದ್ದಲು ಅಗೆದ ಕಾರ್ಮಿಕ. ಒಳಗಿನ ಕೆಲಸ ಅವರಿಗೆ ಮೈಯಿಂದ ಗೊತ್ತಿತ್ತು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ನಮ್ಮಲ್ಲಿ ಲೈನ್ ಮನೆಯಲ್ಲಿ (ತೋಟದ ಕೆಲಸದವರಿಗೆ ಮಾಲೀಕರು ಕೊಡುವ ಸಾಲು ಮನೆ) ಹುಟ್ಟಿ ಬೆಳೆದು ಎಂ.ಎ. ತನಕ ಬಂದ ಮಕ್ಕಳಿದ್ದಾರೆ. ಅಮ್ಮನ ಜೊತೆ ರಜೆಯಲ್ಲಿ ಹಣ್ಣು ಕೊಯ್ದವರು. ಯಾವ ಮೇಸ್ತ್ರಿ ಹೇಗೆ ಮಾತಾಡಿದರೆ ಜನ ಬೇಗ ಕೆಲಸ ಮುಗಿಸುತ್ತಾರೆ ಅಂತ ಬಲ್ಲವರು. ತರಗತಿಯಲ್ಲಿ ಇವರು ಆ ಮನೆಯ ಸುದ್ದಿ ಎತ್ತುವುದಿಲ್ಲ, ನಾಚಿಕೊಳ್ಳುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬಾರದು ಅಂತ ಹಿಂದೆ ಕೂರುತ್ತಾರೆ. ಈ ವಿಷಯದಲ್ಲಿ ಅವರಷ್ಟು ತಯಾರಿ ಇರುವವರು ತರಗತಿಯಲ್ಲಿ ಇನ್ನೊಬ್ಬರಿಲ್ಲ. ತಾವು ಎಲ್ಲಿಂದ ಬಂದವರು, ಅದು ತಮ್ಮ ಪ್ರಶ್ನೆಯನ್ನು ಹೇಗೆ ರೂಪಿಸಿತು ಅಂತ ಬರೆಯಲು ಥೀಸಿಸ್‌ನಲ್ಲಿ ಜಾಗ ಇರಲೇಬೇಕು. ಗೈಡ್‌ಗಳು ಅದನ್ನು ಕೇಳಿ ಬರೆಸಬೇಕು.

ನಮ್ಮ ದೇಶದ್ದೇ ಉದಾಹರಣೆಯೂ ಇದೆ. 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಶೋಧನಾ ಸಂಸ್ಥೆಯ ಎ. ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೊ ಗಿರಣಿಗೆ ಬಂದರು. ಅಲ್ಲಿ ಆಟೊಮ್ಯಾಟಿಕ್ ಮಗ್ಗ ಹಾಕಿದ್ದರು, ಆದರೂ ಅಂದುಕೊಂಡಷ್ಟು ಫಲ ಸಿಕ್ಕಿರಲಿಲ್ಲ. ಕೆಲಸ ಬಿಡಿ ಬಿಡಿಯಾಗಿ ಹಂಚಿಹೋಗಿತ್ತು. ಒಂದಿಷ್ಟು ಮಗ್ಗಗಳಿಗೆ ಒಂದು ಸಣ್ಣ ಗುಂಪು ಪೂರ್ತಿ ಹೊಣೆ ಅನ್ನುವ ಯೋಚನೆ ಬಂತು. ಕೆಲಸಗಾರರು ಅದನ್ನು ತಮ್ಮದೇ ಮಾಡಿಕೊಂಡು ಗುಂಪು ಕಟ್ಟಿದರು. ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. 1970ರಲ್ಲಿ ಅದೇ ಸಂಸ್ಥೆಯ ಎರಿಕ್ ಮಿಲ್ಲರ್ ಮತ್ತೆ ಹೋಗಿ ನೋಡಿದಾಗ ಒಂದು ಶೆಡ್‌ನಲ್ಲಿ ಗುಂಪಿನ ಪದ್ಧತಿ ಉಳಿದಿತ್ತು, ಉಳಿದ ಕಡೆ ಸವೆದುಹೋಗಿತ್ತು. ಇಷ್ಟು ದೊಡ್ಡ ಪಾಠ ನಮ್ಮ ನೆಲದಲ್ಲೇ ನಡೆದಿದೆ. ಎಂ.ಎ. ವಿದ್ಯಾರ್ಥಿಗೆ ಹದಿನೇಳು ವರ್ಷ ಕಾಯಲು ಆಗುವುದಿಲ್ಲ, ನಿಜ. ಆದರೆ ಬದಲಾವಣೆಗೆ ಮುಂಚಿನ ಮಸ್ಟರ್ (ಹಾಜರಿ) ಪುಸ್ತಕ, ನಂತರದ ಮಸ್ಟರ್ ಪುಸ್ತಕ ಎರಡನ್ನೂ ತೆಗೆದು ನೋಡಲು ಆಗುತ್ತದೆ. ಒಂದೇ ದಿನ ಒಬ್ಬರ ಬಾಯಿಂದಲೇ ಕಾರಣವನ್ನೂ ಪರಿಣಾಮವನ್ನೂ ಕೇಳಿ ಕೋರಿಲೇಶನ್ (ಎರಡರ ನಡುವಿನ ನಂಟಿನ ಲೆಕ್ಕ) ತೆಗೆಯುವುದು ಸಾಕು ಅನ್ನುವ ಅಭ್ಯಾಸ ಬಿಡಬೇಕು.

ನೂರು ಜನರ ಸ್ಯಾಂಪಲ್ ವಿಷಯಕ್ಕೆ ಬರೋಣ. ನೂರಕ್ಕೆ ಯಾವ ಮಂತ್ರಶಕ್ತಿಯೂ ಇಲ್ಲ. ಎರಡು ಗುಂಪುಗಳ ನಡುವೆ ಮಧ್ಯಮ ಗಾತ್ರದ ವ್ಯತ್ಯಾಸ ಇದ್ದರೆ, ಅದನ್ನು ಹಿಡಿಯುವ ಸಾಧ್ಯತೆ ಶೇ. 80 ಇರಬೇಕಾದರೆ ಒಂದೊಂದು ಗುಂಪಿನಲ್ಲೂ 64 ಜನ ಬೇಕು. ವ್ಯತ್ಯಾಸ ಸಣ್ಣದಾದರೆ ಒಂದೊಂದು ಗುಂಪಿಗೆ 390ರ ಮೇಲೆ ಬೇಕು. ಅದೂ ಪ್ರತಿಯೊಬ್ಬರ ಉತ್ತರ ಬೇರೆಯವರಿಂದ ಸ್ವತಂತ್ರವಾಗಿದ್ದರೆ. ಒಬ್ಬ ಮೇಸ್ತ್ರಿಯ ಕೈಕೆಳಗೆ ಒಂದೇ ಸಾಲಿನಲ್ಲಿ ಕೊಯ್ಯುವ ಇಪ್ಪತ್ತು ಜನ ಅಷ್ಟು ಸ್ವತಂತ್ರರಲ್ಲ. ಅಷ್ಟು ಜನ ಸಿಗದಿದ್ದರೆ ಸಂದರ್ಶನದ ದಾರಿ ಹಿಡಿಯಲಿ. ಗೆಸ್ಟ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದಂತೆ, ಹೆಚ್ಚುಕಡಿಮೆ ಒಂದೇ ತರದ ಜನರ ಗುಂಪಿನಲ್ಲಿ ಹನ್ನೆರಡು ಆಳವಾದ ಸಂದರ್ಶನಗಳಲ್ಲೇ ಮುಖ್ಯ ಸಂಗತಿಗಳು ಹೊರಗೆ ಬಂದುಬಿಡುತ್ತವೆ. ಹನ್ನೆರಡು ಜನರ ಜೊತೆ ಮನಸ್ಸಿಟ್ಟು ಮಾತಾಡಿದ ಥೀಸಿಸ್ ಸುಮ್ನೆ ತುಂಬಿಸಿದ ನೂರು ಫಾರ್ಮ್‌ಗಿಂತ ಮೇಲು. ಪ್ರಶ್ನೆ ನೋಡಿ ಸ್ಯಾಂಪಲ್ ಹೇಳಬೇಕು, ಅಲ್ವಾ?

ಕೃತಿಚೌರ್ಯದ ಬಗ್ಗೆ ನಿಯಮ ಸ್ಪಷ್ಟವಾಗಿದೆ. ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗೆ ದಂಡ ಇಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಅದು ಇರಲಿ. ತೋಟದಲ್ಲಿ ನಿಂತು ಬರೆದುಕೊಂಡ ಟಿಪ್ಪಣಿಯನ್ನು ಯಾರಿಂದಲೂ ಕದಿಯಲು ಆಗುವುದಿಲ್ಲ.

ಒಪ್ಪಿಗೆಯ ವಿಷಯ ಮಾತ್ರ ನನಗೆ ಎಲ್ಲಕ್ಕಿಂತ ಮುಖ್ಯ. ಸಾಮಾನ್ಯವಾಗಿ ಏನು ಮಾಡುತ್ತಾರೆ? ಮಾಲೀಕರಿಂದ ಒಂದು ಪತ್ರ ತರುತ್ತಾರೆ. ರೈಟರು ಹತ್ತು ಜನರನ್ನು ಕರೆದು ಕೂರಿಸುತ್ತಾರೆ. ಪಕ್ಕದಲ್ಲೇ ನಿಂತಿರುತ್ತಾರೆ. 'ನಿಮ್ಮ ಮೇಲಿನವರು ನಿಮ್ಮ ಸಲಹೆ ಕೇಳುತ್ತಾರಾ' ಅಂದರೆ ಯಾರು ತಾನೇ ಇಲ್ಲ ಅಂದಾರು? ಕೆಲಸವೂ ಮನೆಯೂ ಒಂದೇ ಕೈಯಿಂದ ಬಂದಿರುವಾಗ ಇಲ್ಲ ಅನ್ನುವುದು ಸುಲಭ ಅಲ್ಲ. ಎರವರು, ಜೇನು ಕುರುಬರಂಥ ಆದಿವಾಸಿಗಳು, ಅಸ್ಸಾಂ ಕಡೆಯಿಂದ ಬಂದವರು ಇನ್ನೂ ಕಷ್ಟದಲ್ಲಿ ಇರುತ್ತಾರೆ. ಹಾಗಾಗಿ ಮಾಲೀಕರ ಅನುಮತಿ ಬೇರೆ, ಕೆಲಸದವರ ಒಪ್ಪಿಗೆ ಬೇರೆ ಅಂತ ನಿಯಮದಲ್ಲಿ ಬರೆಯಬೇಕು. ಮಾತುಕತೆ ಕೆಲಸದ ಹೊತ್ತು ಮುಗಿದ ಮೇಲೆ, ರೈಟರು ಇಲ್ಲದ ಕಡೆ, ಅವರಿಗೆ ಸಲೀಸಾದ ಭಾಷೆಯಲ್ಲಿ ನಡೆಯಬೇಕು. ಓದಲು ಬಾರದವರಿಗೆ ಒಪ್ಪಿಗೆ ಪತ್ರ ಓದಿ ಹೇಳಬೇಕು, ನಡುವೆ ಎದ್ದು ಹೋಗಬಹುದು ಅಂತಲೂ ತಿಳಿಸಬೇಕು. ಹೆಸರು ತೆಗೆದರೆ ಮುಗಿಯಿತು ಅಂದುಕೊಳ್ಳಬಾರದು. ಸಣ್ಣ ತೋಟದಲ್ಲಿ 'ಪಲ್ಪಿಂಗ್ ಮನೆಯಲ್ಲಿ ಕೆಲಸ ಮಾಡುವ 45 ವರ್ಷದ ಮಹಿಳೆ' ಅಂದರೆ ಊರಿಗೆಲ್ಲ ಗೊತ್ತಾಗುತ್ತದೆ ಯಾರು ಅಂತ.

ಮಾಲೀಕರನ್ನು ವಿರೋಧಿಗಳ ಹಾಗೆ ಕಾಣಬೇಕು ಅಂತ ನಾನು ಹೇಳುತ್ತಿಲ್ಲ. ಜನ ಸಿಗದೆ, ಮಳೆ ಹೊತ್ತು ತಪ್ಪಿ, ಬೋರರ್ ಹುಳ ಬಿದ್ದು ಅವರೂ ಒದ್ದಾಡುತ್ತಿದ್ದಾರೆ. ಹೊಸದೇನಾದರೂ ಮಾಡಿ ನೋಡಿದವರಲ್ಲಿ ಅವರೂ ಇದ್ದಾರೆ. ಅವರ ಮಾತನ್ನೂ ಕೇಳಬೇಕು, ಬೇರೆಯಾಗಿ ಕೇಳಬೇಕು.

ಇನ್ನು ವೇಳಾಪಟ್ಟಿ. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೋಬಸ್ಟಾ ಹೆಚ್ಚಾಗಿ ಜನವರಿಯಿಂದ ಮಾರ್ಚ್ ತನಕ. ಸೆಮಿಸ್ಟರ್ ಇದನ್ನು ಕೇಳುವುದಿಲ್ಲ. ಸಿನಾಪ್ಸಿಸ್ (ಥೀಸಿಸ್‌ನ ಮೊದಲ ರೂಪುರೇಷೆ) ಒಪ್ಪಿಗೆ ಆಗುವ ಹೊತ್ತಿಗೆ ಕೊಯ್ಲು ಮುಗಿದಿರುತ್ತದೆ. ಮಕ್ಕಳು ನೆನಪಿನ ಮೇಲೆ ಉತ್ತರ ಕೇಳುತ್ತಾರೆ. ಮೂರನೇ ಸೆಮಿಸ್ಟರಿನ ಆರಂಭದಲ್ಲೇ ಪ್ರಶ್ನೆ ತೀರ್ಮಾನ ಆದರೆ ಈ ತೊಂದರೆ ಇಲ್ಲ. ವಿಭಾಗದ ಮುಖ್ಯಸ್ಥರು ಮನಸ್ಸು ಮಾಡಿದರೆ ಆಗುವ ಕೆಲಸ ಇದು.

ಕೊನೆಯ ಷರತ್ತು, ನನ್ನ ಪ್ರಕಾರ ವೈವಾಗೆ (ಮೌಖಿಕ ಪರೀಕ್ಷೆಗೆ) ಮುಂಚೆಯೇ ಆಗಬೇಕಾದದ್ದು. ಕಂಡದ್ದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಮಾತಾಡಿದ ಜನರ ಮುಂದೆ ಓದಬೇಕು. 'ಇದು ಸರಿಯಿಲ್ಲ' ಅಂತ ಅವರು ಹೇಳಿದರೆ ಅದನ್ನೂ ಥೀಸಿಸ್‌ನಲ್ಲಿ ಸೇರಿಸಬೇಕು. ಹೊಸ ಪದ್ಧತಿಯಿಂದ ಏನೂ ಬದಲಾಗಲಿಲ್ಲ ಅಂತ ಕಂಡರೆ ಹಾಗೆಯೇ ಬರೆಯಲಿ. ಆ ಕಾರಣಕ್ಕೆ ಅಂಕ ಕಡಿಮೆ ಕೊಡುವ ಪರೀಕ್ಷಕರ ಜೊತೆ ವಾದ ಮಾಡಲು ನಾನು ತಯಾರಿದ್ದೇನೆ.

ಈ ಸಲದ ಕೊಯ್ಲಿಗೆ ತೋಟಕ್ಕೆ ಇಳಿಯಬೇಕು ಅನ್ನುವ ವಿದ್ಯಾರ್ಥಿಗಳು ಅಕ್ಟೋಬರ್ ಒಳಗೆ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆದು ಇನ್‌ಬಾಕ್ಸ್‌ಗೆ ಕಳಿಸಿ. ಒಪ್ಪಿಗೆ ಪತ್ರದ ಕನ್ನಡ ಕರಡು ನನ್ನ ಹತ್ತಿರ ಇದೆ, ಯಾರು ಬೇಕಾದರೂ ಬಳಸಬಹುದು. ತಮ್ಮ ತೋಟ, ಕ್ಯೂರಿಂಗ್ ವರ್ಕ್ಸ್, ಹೋಂಸ್ಟೇ, ಆಸ್ಪತ್ರೆಯಲ್ಲಿ ಒಬ್ಬ ವಿದ್ಯಾರ್ಥಿಗೆ ಜಾಗ ಕೊಡಬಲ್ಲವರು ಕಾಮೆಂಟ್‌ನಲ್ಲಿ ಊರಿನ ಹೆಸರು ಮಾತ್ರ ಬರೆಯಿರಿ. ಉಳಿದದ್ದನ್ನು ಫೋನಿನಲ್ಲಿ ಮಾತಾಡೋಣ.