ಕವಳದ ಸಂಚಿಗೆ ಸ್ಕ್ರಿಪ್ಟ್ ತುಂಬಿದರೆ

ತೀರ್ಥಹಳ್ಳಿ ಕಡೆಯ ಜಗಲಿಯಲ್ಲಿ ಕವಳದ ಸಂಚಿ ಯಾರಿಗೂ ತೊಂದರೆ ಕೊಡುವ ವಸ್ತುವಲ್ಲ. ಬಿಚ್ಚಿ, ಎಲೆಗೆ ಸುಣ್ಣ ಸವರಿ, ಹೋಳು ಅಡಿಕೆ ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಅದೇ ಸಂಚಿಯನ್ನು ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಲೋಕದಲ್ಲಿ ನಿಮ್ಮ ಅವತಾರದ, ಅಂದರೆ ಅಲ್ಲಿ ಓಡಾಡುವ ನಿಮ್ಮ ಗೊಂಬೆಯ, ಸೊಂಟಕ್ಕೆ ಕಟ್ಟಿ, ವಸ್ತುವನ್ನು ನಡೆಸುವ ಸ್ಕ್ರಿಪ್ಟ್ ತುಂಬಿ ನೋಡಿ. ಎಷ್ಟು ದೂರದ ಮಾತು ಕೇಳಿಸಿಕೊಳ್ಳಬೇಕು, ಉಗುಳು ಯಾವ ದಿಕ್ಕಿಗೆ ಹೋಗಬೇಕು, ಮಧ್ಯಾಹ್ನ ಅಂದರೆ ಯಾವ ದೇಶದ ಮಧ್ಯಾಹ್ನ, ಎಲ್ಲವನ್ನೂ ಅದಕ್ಕೆ ಬಿಡಿಸಿ ಹೇಳಬೇಕು. ಹಳೇ ಸಂಚಿ ಸುಮ್ಮನೆ ನೇತಾಡುತ್ತಿತ್ತು. ಹೊಸದಕ್ಕೆ ಮೆನು ಇದೆ, ಕವಳದ ಆಸೆ ಅಳೆಯುವ ಚಪಲದ ಮೀಟರ್ ಇದೆ, ನೆಂಟರಿಗೆ ಕವಳ ಕೊಡುವ ಏರ್ಪಾಡಿದೆ. ಉಗುಳುವುದೂ ಇದೆ, ಕ್ಷಮಿಸಿ, ಅದಿಲ್ಲದೆ ಕವಳವೇ ಅಲ್ಲ.

ಮೆನು ಬರೆಯಲು ಕೂತವರ ಕಾಲಿಗೆ ಮೊದಲು ತೊಡರುವುದು ಹೊಗೆಸೊಪ್ಪು. ಮೆನು ತೋರಿಸುವ ಡೈಲಾಗ್ ಪೆಟ್ಟಿಗೆಯಲ್ಲಿ ಗುಂಡಿಗಳು ಹೆಚ್ಚೆಂದರೆ 12, ಒಂದೊಂದರ ಮೇಲಿನ ಹೆಸರಿಗೆ 24 ಬೈಟ್ ಮಿತಿ. ಇಂಗ್ಲಿಷಿನ ಅಕ್ಷರ ಒಂದೇ ಬೈಟಿನಲ್ಲಿ ಮುದುರಿ ಕೂರುತ್ತದೆ. ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಕೊಂಬಿಗೆ ಮೂರು, ಒತ್ತಿಗಾಗಿ ನಡುವೆ ಬರುವ ಹಲಂತಕ್ಕೂ ಮೂರು. ‘ಎಲೆಅಡಿಕೆ’ ಎಂಟು ತುಂಡು, ಸರಿಯಾಗಿ 24, ಕೂದಲೆಳೆಯಲ್ಲಿ ಪಾರು. ವ್ಯಾಕರಣದ ಮೇಲಿನ ಪ್ರೀತಿಗೆ ನಡುವೆ ಒಂದು ಜಾಗ ಬಿಟ್ಟಿರೋ, 25 ಆಗಿ ಪೆಟ್ಟಿಗೆಯೇ ತೆರೆಯುವುದಿಲ್ಲ. ‘ಹೊಗೆಸೊಪ್ಪು’ ಹತ್ತು ತುಂಡು, 30 ಬೈಟ್. ತಪ್ಪು ಎಲ್ಲಿದೆ ಎಂಬ ದೂರು 2147483647 ಎಂಬ ಡೀಬಗ್ ಚಾನೆಲ್ಲಿಗೆ (ಚಾನೆಲ್ ಅಂದರೆ ಮಾತು ಹೋಗುವ, ನಂಬರಿನ ದಾರಿ) ಹೋಗುತ್ತದೆ, ಅತ್ತ ಕಣ್ಣು ಹಾಯಿಸದವರು ಸಂಚಿಯನ್ನು ಮುಟ್ಟುತ್ತಲೇ ಇರುತ್ತಾರೆ. ಪರಿಹಾರವೆಂದು ‘ಸೊಪ್ಪು’ ಎಂದಿಷ್ಟೇ ಬರೆಯಬಹುದು, 18ಕ್ಕೆ ಇಳಿಯುತ್ತದೆ. ಆದರೆ ಮಲೆನಾಡಿನವರಿಗೆ ಸೊಪ್ಪು ಅಂದರೆ ಬೆಟ್ಟದಿಂದ ಹೊತ್ತು ತಂದು ಕೊಟ್ಟಿಗೆಗೆ ಹಾಸುವುದು. ‘ತಂಬಾಕು’ ಕೂಡ 18 ಬೈಟೇ, ಅದೇ ಇರಲಿ.

ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ನಾಲ್ಕೂ ಬೇಕೆನ್ನುವವರಿಗೆ ಜಾಗಕ್ಕೇನೂ ಕೊರತೆಯಿಲ್ಲ, ಸಾಲು ಮಾತ್ರ ತಲೆಕೆಳಗು. ಪಟ್ಟಿಯಲ್ಲಿ ಮೊದಲು ಬರೆದ ಮೂರು ಗುಂಡಿಗಳು ಕೆಳಗಿನ ಸಾಲಿನಲ್ಲಿ ಬಂದು ಕೂರುತ್ತವೆ. ಸರಕು ಮೇಲಿರಬೇಕಾದರೆ ಅದನ್ನು ಎಲ್ಲಕ್ಕಿಂತ ಕೊನೆಗೆ ಬರೆಯಿರಿ.

ಚಾನೆಲ್ಲಿನ ವಿಷಯದಲ್ಲಿ ಸೋಮಾರಿತನ ಮಾಡಿದರೆ ಆಗುವ ಅನಾಹುತಕ್ಕೆ ಸಾಕ್ಷಿಗಳು ಬಹಳ ಜನ ಇರುತ್ತಾರೆ. ಇಲ್ಲಿ ಗುಂಡಿ ಒತ್ತುವುದೂ ಮಾತಾಡಿದಂತೆಯೇ. ಮಾಮೂಲಿ ಮಾತು 20 ಮೀಟರ್ ಹೋಗುತ್ತದೆ, ಪಿಸುಮಾತು 10, ಕೂಗು 100. ಎಲ್ಲ ಸಂಚಿಗಳೂ 7ನೇ ಚಾನೆಲ್ಲಿಗೆ ಕಿವಿಗೊಟ್ಟಿವೆ, ಯಾರ ಮಾತು ಎಂಬ ಜರಡಿ ಇಲ್ಲ ಅಂತಿಟ್ಟುಕೊಳ್ಳಿ. ಮದುವೆ ಮನೆಯ ಚಪ್ಪರದಲ್ಲಿ ಒಬ್ಬರು ‘ಉಗುಳು’ ಗುಂಡಿ ಒತ್ತಿದರೆ 20 ಮೀಟರಿನೊಳಗಿನ ಮೂವತ್ತು ಜನ ಒಟ್ಟಿಗೆ ಉಗುಳುತ್ತಾರೆ, ಧಾರೆ ಎರೆಯುವವರೂ ಸೇರಿ. ಹಾಗಾಗಿ ಮಾಲೀಕರ ಗುರುತಿನ ಕೀಯ (ಒಬ್ಬೊಬ್ಬರಿಗೂ ಬೇರೆಯಾದ ಉದ್ದನೆಯ ಸಂಕೇತ) ಮೊದಲ ಏಳು ಅಕ್ಷರವನ್ನು ಹದಿನಾರರ ಲೆಕ್ಕದ ಸಂಖ್ಯೆ ಮಾಡಿ, ಋಣ ಚಿಹ್ನೆ ಹಚ್ಚಿ, ಅದನ್ನೇ ಚಾನೆಲ್ ಮಾಡಿಕೊಳ್ಳಿ. ಕೇಳುವ ಸಾಲಿನಲ್ಲಿ ಮಾಲೀಕರ ಕೀಯನ್ನೂ ಹಾಕಿ. ಮುಟ್ಟಿದಾಗಲೆಲ್ಲ ಬೇರೆ ಬೇರೆ ಚಾನೆಲ್ ಆರಿಸುವ ಜಾಣರು ಹಳೇ ಕಿವಿಯನ್ನು ಮುಚ್ಚಲು ಮರೆಯುತ್ತಾರೆ. ಒಂದು ಸ್ಕ್ರಿಪ್ಟಿಗೆ 65 ಕಿವಿ, ಅದರಾಚೆ ಕೈಚೆಲ್ಲುತ್ತದೆ.

ಸಂಚಿಯನ್ನು ಇನ್ನೊಬ್ಬರಿಗೆ ದಾನ ಮಾಡಿದಾಗ ಇನ್ನೊಂದು ತಮಾಷೆ. ಒಳಗಿನ ಕಿವಿ ಹಳೇ ಮಾಲೀಕರ ಮಾತನ್ನೇ ಕೇಳುತ್ತದೆ, ಹೊಸಬರು ಎಷ್ಟು ಒತ್ತಿದರೂ ಕಲ್ಲು. ಮಾಲೀಕರು ಬದಲಾದರು ಎಂಬ ಸೂಚನೆ ಬಂದ ಕೂಡಲೇ ಸ್ಕ್ರಿಪ್ಟ್ ತಾನೇ ರೀಸೆಟ್ ಆಗಬೇಕು. ರೀಸೆಟ್ ಆದರೆ ಅಡಿಕೆ ಲೆಕ್ಕವೂ ಮೊದಲಿಗೆ ಹೋಗುತ್ತದೆ, ಅಂದರೆ ಖಾಲಿ ಸಂಚಿ ಕೈ ಬದಲಾಯಿಸಿದರೆ ತುಂಬಿಕೊಳ್ಳುತ್ತದೆ. ಇದು ಅಡಿಕೆ ವ್ಯಾಪಾರಿಗಳಿಗೆ ತಿಳಿಯದಿರುವುದೇ ಒಳ್ಳೆಯದು. ಲೆಕ್ಕವನ್ನು ಲಿಂಕ್‌ಸೆಟ್ ಡೇಟಾ ಎಂಬ, ವಸ್ತುವಿನದೇ ಉಗ್ರಾಣದಲ್ಲಿ ಬರೆದಿಟ್ಟರೆ ರೀಸೆಟ್ ಆದರೂ ಅಳಿಯದು. ಅಲ್ಲಿ 128 ಕಿಲೋಬೈಟ್ ಜಾಗ, ಒಂದು ತೋಟದ ಫಸಲಿನ ಲೆಕ್ಕವೇ ಹಿಡಿಯುತ್ತದೆ.

ನೆಂಟರಿಗೆ ಕವಳ ಕೊಡುವುದು ಹೊಸ ಸಂಚಿಯ ದೊಡ್ಡ ಸೇರ್ಪಡೆ. ನಮ್ಮಲ್ಲಾದರೆ ಹರಿವಾಣ ಮುಂದೆ ದೂಡಿ ‘ಕವಳ ಹಾಕಿ’ ಅಂದರಾಯಿತು. ಇಲ್ಲಿ ಸಂಚಿ ಮೊದಲು ಕವಳವನ್ನು ನೆಲದ ಮೇಲೆ ಹುಟ್ಟಿಸಬೇಕು, 10 ಮೀಟರಿನೊಳಗೆ. ವಸ್ತು ಇಡಲು ಜಾಗದ ಯಜಮಾನರ ಅನುಮತಿ ಇರಬೇಕು. ಆಮೇಲೆ ಆ ಕವಳವೇ ನೆಂಟರನ್ನು ಕೇಳುತ್ತದೆ: ನಿಮ್ಮ ಮೈಗೆ ಅಂಟಿಕೊಳ್ಳಲೇ? ಒಪ್ಪಿದರೆ 11ನೇ ಜಾಗಕ್ಕೆ, ಅಂದರೆ ಬಾಯಿಗೆ, ತಾತ್ಕಾಲಿಕವಾಗಿ ಅಂಟುತ್ತದೆ. ಆಗ ಅದರ ಒಡೆತನ ನೆಂಟರದ್ದಾಗುವುದರಿಂದ ಕವಳಕ್ಕೆ ಟ್ರಾನ್ಸ್‌ಫರ್ ಹಕ್ಕು, ಅಂದರೆ ಕೈ ಬದಲಾಯಿಸುವ ಹಕ್ಕು, ಇರಲೇಬೇಕು. ಕಾಪಿ ಹಕ್ಕು ಕೊಡದಿದ್ದರೆ ಸೊಂಟಕ್ಕೆ ಕಟ್ಟಿದ ಸಂಚಿಯಿಂದ ಕವಳ ಹೊರಗೇ ಬರದು.

ಪೆಟ್ಟಿಗೆಯ ಪ್ರಶ್ನೆ ನೋಡಿ ಹೆದರಿದ ನೆಂಟರು ‘ಬೇಡ’ ಒತ್ತುವುದೇ ಹೆಚ್ಚು. ಆಗ ಕವಳ ಜಗಲಿಯಲ್ಲೇ ಉಳಿಯುತ್ತದೆ, ಹತ್ತು ನೆಂಟರಾದರೆ ಹತ್ತು. 60 ಸೆಕೆಂಡಿನ ಟೈಮರ್ ಇಟ್ಟು, ಯಾರೂ ಮುಟ್ಟದಿದ್ದರೆ ತಾನೇ ಸಾಯುವಂತೆ ಬರೆಯಿರಿ. ಬಾಯಿಗೆ ಹೋದ ಮೇಲೆ ಮಾತ್ರ ಸಾಯುವ ಆಜ್ಞೆ ನಡೆಯದು, ಕಳಚಿಕೊಳ್ಳುವ ಆಜ್ಞೆಯನ್ನೇ ಕೊಡಬೇಕು. ಇಲ್ಲದಿದ್ದರೆ ನೆಂಟರು ಲಾಗೌಟ್ ಆಗುವವರೆಗೆ ಜಗಿಯುತ್ತಲೇ ಇರುತ್ತಾರೆ.

ಚಪಲದ ಮೀಟರಿನ ಕತೆ ಗಡಿಯಾರದ್ದು. ಆ ಲೋಕದ ಗೋಡೆ ಗಡಿಯಾರ ಕ್ಯಾಲಿಫೋರ್ನಿಯಾ ಸಮಯ ಹೇಳುತ್ತದೆ. ಊಟದ ಮೇಲಿನ ಕವಳ ನೆನಪಿಸಲಿ ಎಂದು ಅದರಲ್ಲಿ ಮಧ್ಯಾಹ್ನ 1.30 ಇಟ್ಟರೆ, ಅಲ್ಲಿಯ ಬೇಸಿಗೆಯಲ್ಲಿ ನಮ್ಮ ಶಿವಮೊಗ್ಗಕ್ಕೆ ರಾತ್ರಿ 2 ಗಂಟೆ, ಚಳಿಗಾಲದಲ್ಲಿ 3. ಯುನಿಕ್ಸ್ ಸಮಯಕ್ಕೆ, ಅಂದರೆ 1970ರಿಂದ ಎಣಿಸುತ್ತ ಬಂದ ಸೆಕೆಂಡುಗಳಿಗೆ, 19800 ಸೆಕೆಂಡ್ ಕೂಡಿಸಿ, 86400ರಿಂದ ಭಾಗಿಸಿದ ಶೇಷ ಹಿಡಿಯಿರಿ, ಆಗ ಮಧ್ಯಾಹ್ನ ಮಧ್ಯಾಹ್ನವೇ. ಆದರೆ ಯುನಿಕ್ಸ್ ಸಮಯ ನೀವು ಲಾಗೌಟ್ ಆದರೂ ಓಡುತ್ತದೆ. 300 ಸೆಕೆಂಡಿಗೆ ಒಂದು ಅಂಕ ಚಪಲ ಏರುವ ಮೀಟರ್ ಇಟ್ಟುಕೊಂಡವರಿಗೆ ಪುನರ್ವಸು ಮಳೆಯಲ್ಲಿ ಮೂರು ದಿನ ಕರೆಂಟು ಹೋದರೆ, ವಾಪಸು ಬಂದಾಗ ನೂರರ ಮೀಟರಿನಲ್ಲಿ 864. ಹೊರಗಿದ್ದ ಹೊತ್ತಿಗೆ ಒಂದು ಮೇಲ್ಮಿತಿ ಹಾಕಿ, ಇಪ್ಪತ್ತು ಅಂಕ ಧಾರಾಳವಾಯಿತು.

ಇನ್ನು ಉಗುಳು. ಒಂದೇ ದಿಕ್ಕಿಗೆ ಚಿಮ್ಮುವಂತೆ ಬರೆದ ಉಗುಳಿನ ಕಣಗಳು ವಸ್ತುವಿನ ಝಡ್ ಅಕ್ಷದ ಕಡೆಗೆ ಹಾರುತ್ತವೆ. ಬಾಯಲ್ಲಿಟ್ಟ ವಸ್ತುವನ್ನು ತಿರುಗಿಸದೆ ಬಿಟ್ಟರೆ ಅದು ನೆತ್ತಿಯ ಕಡೆ, ಗುರುತ್ವದ ಬೆಲೆ ಕೆಳಮುಖವಾಗಿ 9.8 ಕೊಟ್ಟಿದ್ದರೆ ವಾಪಸು ಮುಖದ ಮೇಲೆ. ಆಕಾಶಕ್ಕೆ ಉಗುಳಿದ ಗಾದೆ ಇಲ್ಲಿ ಅಕ್ಷರಶಃ ನಡೆಯುತ್ತದೆ. ಚಿಮ್ಮುವ ಅವಧಿ ಅರ್ಧ ಸೆಕೆಂಡ್ ಸಾಕು. ಸೊನ್ನೆ ಅಂತ ಬರೆದರೆ ಸ್ವಲ್ಪವೂ ಇಲ್ಲ ಎಂದಲ್ಲ, ಕೊನೆಯೇ ಇಲ್ಲ ಎಂದರ್ಥ. ಗಾಬರಿಯಾಗಿ ಸ್ಕ್ರಿಪ್ಟನ್ನೇ ಅಳಿಸುವವರಿದ್ದಾರೆ, ಆದರೂ ನಿಲ್ಲದು, ಕಣಗಳು ಸ್ಕ್ರಿಪ್ಟಿನ ಸ್ವತ್ತಲ್ಲ, ವಸ್ತುವಿನದು. ಖಾಲಿ ಪಟ್ಟಿ ಕೊಟ್ಟು, ಕಣ ಹಾರಿಸಿದ ಅದೇ ಆಜ್ಞೆಯನ್ನು ಇನ್ನೊಮ್ಮೆ ಕರೆದಾಗಲೇ ಬಾಯಿ ಮುಚ್ಚುವುದು. ಅರ್ಧ ಸೆಕೆಂಡಿನದಾದರೂ ಹೀಗೆ ಒರೆಸಿಯೇ ಬಿಡಿ. ಇಲ್ಲವಾದರೆ ನಿಮ್ಮ ಕಣ್ಣಿಗೆ ಎಂದೋ ಮುಗಿದ ಉಗುಳು, ಆಮೇಲೆ ಜಗಲಿ ಹತ್ತಿದ ನೆಂಟರ ಪರದೆಯಲ್ಲಿ ಹೊಸದಾಗಿ, ಕೆಂಪಗೆ, ಅವರ ಕಡೆಗೇ ಚಿಮ್ಮುತ್ತದೆ.